ಸ್ಪೋರ್ಟ್ಸ್ ಕಾರಿಗೆ ಎಷ್ಟು ಇಂಚಿನ ರಿಮ್, ಎಷ್ಟು ಅಗಲದ ಟೈರ್? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉದಾಹರಣೆಗಳಲ್ಲಿ ಹೆಚ್ಚಿನವು ಮಜ್ದಾ ಎಂಎಕ್ಸ್-5 ಕಾರಿನವು. ಅಮೆರಿಕದವರು ಇದನ್ನು ಮಿಯಾಟಾ ಅಂತ ಕರೆಯುತ್ತಾರೆ. 1989ರಲ್ಲಿ ಬಂದ ಈ ಎರಡು ಸೀಟಿನ ಪುಟ್ಟ ಕಾರು ಈವರೆಗೆ ನಾಲ್ಕು ತಲೆಮಾರು ಕಂಡಿದೆ. 14 ಇಂಚಿನ ರಿಮ್ಮಿನಿಂದ ಶುರುವಾಗಿ 17 ಇಂಚಿನವರೆಗೂ ಬಂದಿದೆ. ಹಾಗಾಗಿ ಟೈರ್ ಅಳತೆ ಬದಲಾದರೆ ಏನಾಗುತ್ತದೆ ಅಂತ ನೋಡಲು ಇದಕ್ಕಿಂತ ಒಳ್ಳೇ ಕಾರು ಸಿಗುವುದು ಕಷ್ಟ. ಭಾರತದಲ್ಲಿ ಇದು ಮಾರಾಟಕ್ಕಿಲ್ಲ. ಆದರೆ ಅಮೆರಿಕ, ಇಂಗ್ಲೆಂಡ್, ಜರ್ಮನಿಯಲ್ಲಿರುವ ನಮ್ಮವರಿಗೆ ಸೆಕೆಂಡ್‌ಹ್ಯಾಂಡ್ ಸಿಗುತ್ತದೆ. ಊರಲ್ಲಿ ಹ್ಯಾಚ್‌ಬ್ಯಾಕ್ ಓಡಿಸುವವರಿಗೂ ಲೆಕ್ಕ ಇದೇ. ಅವರ ಪ್ರಶ್ನೆಯೂ ಕೆಳಗಿದೆ.

ಟೈರ್ ಮೇಲೆ 205/45 ಆರ್ 17 84 ಡಬ್ಲ್ಯು ಅಂತಿದೆ. ಏನಿದು?

205 ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 45 ಸೈಡ್‌ವಾಲ್ ಎತ್ತರ, ಅಂದರೆ ರಿಮ್ಮಿನ ಅಂಚಿನಿಂದ ನೆಲಕ್ಕೆ ತಾಗುವ ಭಾಗದವರೆಗಿನ ಟೈರಿನ ಪಕ್ಕದ ಗೋಡೆ, ಆದರೆ ಮಿಲಿಮೀಟರ್‌ನಲ್ಲಿ ಅಲ್ಲ, ಅಗಲದ ಶೇಕಡಾ 45. ಅಂದರೆ ಸುಮಾರು 92 ಮಿ.ಮೀ. ಆರ್ ಅಂದರೆ ರೇಡಿಯಲ್, ಟೈರಿನೊಳಗೆ ನೂಲು ಹಾಕಿರುವ ಬಗೆ. 17 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರೂ ತುರುಕಿದ್ದಾರೆ. ಯಾರ ತಲೆಗೆ ಹೊಳೆಯಿತೋ! 84 ಭಾರದ ಸಂಖ್ಯೆ, ಒಂದು ಟೈರ್ 500 ಕೆಜಿ ಹೊರುತ್ತದೆ ಅಂತ ಅರ್ಥ. ಡಬ್ಲ್ಯು ಅಂದರೆ ಗಂಟೆಗೆ 270 ಕಿ.ಮೀ. ವೇಗದವರೆಗೆ ಆಗುತ್ತದೆ.

ಜನ ಎಡವುವುದು ಆ 45ರ ಹತ್ತಿರ. 205/45 ತೆಗೆದು 225/45 ಹಾಕಿದರೆ ಅಗಲ ಮಾತ್ರ ಹೆಚ್ಚಾಗುವುದಿಲ್ಲ, ಸೈಡ್‌ವಾಲೂ ಎತ್ತರವಾಗುತ್ತದೆ, ಇಡೀ ಚಕ್ರ ದೊಡ್ಡದಾಗುತ್ತದೆ.

ದೊಡ್ಡ ರಿಮ್ ಹಾಕಿದರೆ ಹ್ಯಾಂಡ್ಲಿಂಗ್ ಚೆನ್ನಾಗುತ್ತದೆ ಅಂತಾರಲ್ಲ, ನಿಜಾನಾ?

ಅರ್ಧ ನಿಜ. ಆ ಅರ್ಧ ಯಾವುದು ಅಂತ ಗೊತ್ತಿದ್ದರೆ ದುಡ್ಡು ಉಳಿಯುತ್ತದೆ.

ಮೊದಲ ತಲೆಮಾರಿನ ಎಂಎಕ್ಸ್-5ಗೆ ಕಂಪನಿ ಕೊಟ್ಟಿದ್ದು 185/60 ಆರ್ 14. ಸೈಡ್‌ವಾಲ್ 111 ಮಿ.ಮೀ. ಅದೇ ಕಾರಿಗೆ 205/40 ಆರ್ 17 ಹಾಕಿದರೆ ಸೈಡ್‌ವಾಲ್ 82 ಮಿ.ಮೀ.ಗೆ ಇಳಿಯುತ್ತದೆ. ನೀವು ಸ್ಟೇರಿಂಗ್ ತಿರುಗಿಸಿದಾಗ ಮೊದಲು ತಿರುಗುವುದು ರಿಮ್. ಆಮೇಲೆ ಸೈಡ್‌ವಾಲ್ ತಿರುಚಿಕೊಳ್ಳುತ್ತದೆ. ರಸ್ತೆ ಮೇಲಿರುವ ರಬ್ಬರ್ ತಿರುಗುವುದು ಅದಾದ ಮೇಲೆ. ಸೈಡ್‌ವಾಲ್ ಗಿಡ್ಡವಾದಷ್ಟೂ ಈ ತಡ ಕಡಿಮೆ. ಹಾಗಾಗಿ 17 ಇಂಚು ಹಾಕಿ ಅಂಗಡಿಯಿಂದ ಹೊರಗೆ ಬರುತ್ತಿದ್ದಂತೆ "ಆಹಾ, ಎಷ್ಟು ಶಾರ್ಪ್ ಆಯ್ತು" ಅನಿಸುತ್ತದೆ. ಅದು ಭ್ರಮೆ ಅಲ್ಲ.

ಇನ್ನರ್ಧ ಗೊತ್ತಾಗುವುದು ಹದಗೆಟ್ಟ ರಸ್ತೆಯ ತಿರುವಿನಲ್ಲಿ. ಸೈಡ್‌ವಾಲ್ ಕೂಡ ಒಂದು ಸ್ಪ್ರಿಂಗ್. ಸಣ್ಣ ಉಬ್ಬು ತಗ್ಗುಗಳನ್ನು ಅದೇ ನುಂಗಿಕೊಳ್ಳುತ್ತದೆ, ಸಸ್ಪೆನ್ಷನ್‌ವರೆಗೆ ಹೋಗಲು ಬಿಡುವುದಿಲ್ಲ. ಅದನ್ನು ಗಿಡ್ಡ ಮಾಡಿದರೆ ಆ ಕೆಲಸವೆಲ್ಲ ಸಸ್ಪೆನ್ಷನ್ ತಲೆಗೆ. ಹಳೇ ಎಂಎಕ್ಸ್-5ನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎಲ್ಲವೂ 14 ಇಂಚಿನ ಟೈರ್ ನಂಬಿಕೊಂಡು ಮಾಡಿದವು. ತಿರುವಿನ ನಡುವೆ ಒಂದು ಉಬ್ಬು ಸಿಕ್ಕರೆ ಟೈರ್ ನೆಲ ಬಿಡುತ್ತದೆ, ಕಾರು ಒಂದಿಷ್ಟು ಪಕ್ಕಕ್ಕೆ ಜಾರುತ್ತದೆ. ನೆಲ ಬಿಟ್ಟ ಟೈರ್ ಎಷ್ಟೇ ಅಗಲ ಇದ್ದರೂ ಗ್ರಿಪ್ ಸೊನ್ನೆ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ಎತ್ತರದ ಸೈಡ್‌ವಾಲ್ ಇರುವ ಟೈರ್ ಗ್ರಿಪ್ ಬಿಡುವ ಮುಂಚೆ ಸುಳಿವು ಕೊಡುತ್ತದೆ. ಕೀರಲು ಶಬ್ದ ಬರುತ್ತದೆ, ಕಾರು ನಿಧಾನವಾಗಿ ವಾಲುತ್ತದೆ, ಸ್ಟೇರಿಂಗ್ ಕೈಯಲ್ಲಿ ಹಗುರಾಗುತ್ತದೆ. ಗಿಡ್ಡ ಸೈಡ್‌ವಾಲಿನ ಟೈರ್ ಗಟ್ಟಿಯಾಗಿ ಹಿಡಿದುಕೊಂಡಿದ್ದು ಆಮೇಲೆ ಬೇಗ ಕೈಬಿಡುತ್ತದೆ. ಕೈ ಪಳಗಿದವರಿಗೆ ಪರವಾಗಿಲ್ಲ. ಹೊಸಬರಿಗೆ ಮೊದಲನೇದೇ ಒಳ್ಳೇದು.

ಹಾಗಾದರೆ ಹೊಸ ಸ್ಪೋರ್ಟ್ಸ್ ಕಾರುಗಳಲ್ಲೆಲ್ಲ 19, 20 ಇಂಚು ಯಾಕೆ? ಇಂಜಿನಿಯರ್‌ಗಳು ದಡ್ಡರಾ?

ಅಲ್ಲ. ಮುಖ್ಯ ಕಾರಣ ಬ್ರೇಕ್. ಒಂದೂವರೆ ಟನ್ ತೂಕದ ಕಾರು 300 ಕಿ.ಮೀ. ಹತ್ತಿರ ಓಡಿದರೆ ಅದನ್ನು ನಿಲ್ಲಿಸಲು ದೊಡ್ಡ ಡಿಸ್ಕ್ ಬೇಕು. ಆ ಡಿಸ್ಕ್, ಅದನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಕೂರಲು ದೊಡ್ಡ ರಿಮ್ ಬೇಕು. ಪೋರ್ಶೆ 911 ಕರೆರಾದ 992 ಮಾದರಿಗೆ ಮುಂದೆ 235/40 ಆರ್ 19, ಹಿಂದೆ 295/35 ಆರ್ 20. ಆ ಕಾರಿನ ಸಸ್ಪೆನ್ಷನ್‌ಅನ್ನು ಆ ಅಳತೆಗೆಂದೇ ಮಾಡಿದ್ದಾರೆ. ಎರಡನೇ ಕಾರಣ ನೋಟ. ಡಿಸೈನ್ ಮಾಡುವವರಿಗೆ ದೊಡ್ಡ ಚಕ್ರ ಅಂದರೆ ಪ್ರೀತಿ. ಕೊಳ್ಳುವವರಿಗೂ ಅಷ್ಟೇ, ಸುಳ್ಳು ಯಾಕೆ ಹೇಳಬೇಕು?

ಆದರೆ ಫಾರ್ಮುಲಾ ಒನ್ ಕಾರುಗಳು 2021ರ ತನಕ ಓಡಿದ್ದು 13 ಇಂಚಿನ ರಿಮ್ಮಿನ ಮೇಲೆ! 2022ರಿಂದ ನಿಯಮ ಬದಲಾಗಿ 18 ಇಂಚು ಬಂತು. ಅಲ್ಲಿಯವರೆಗೆ ಆ ದಪ್ಪ ಸೈಡ್‌ವಾಲೇ ಸಸ್ಪೆನ್ಷನ್ನಿನ ದೊಡ್ಡ ಪಾಲು ಕೆಲಸ ಮಾಡುತ್ತಿತ್ತು. ರಿಮ್ ನೋಡಿ ವೇಗ ಅಳೆಯುವವರಿಗೆ ಇದೊಂದು ಹೇಳಿದರೆ ಸಾಕು.

ಅಗಲದ ಟೈರ್ ಅಂದರೆ ರಸ್ತೆಗೆ ಜಾಸ್ತಿ ರಬ್ಬರ್ ತಾಗುತ್ತದೆ, ಹಾಗಾಗಿ ಗ್ರಿಪ್ ಜಾಸ್ತಿ. ಸರಿ ಅಲ್ವಾ?

ಉತ್ತರ ಸರಿ, ಕಾರಣ ಪೂರ್ತಿ ಸರಿಯಿಲ್ಲ.

ಕಾರನ್ನು ಹೊರುವುದು ಟೈರಿನೊಳಗಿನ ಗಾಳಿ. ಹಳೇ ಎಂಎಕ್ಸ್-5ನ ಒಂದು ಚಕ್ರದ ಮೇಲೆ ಸುಮಾರು 250 ಕೆಜಿ ಕೂರುತ್ತದೆ ಅಂದುಕೊಳ್ಳಿ. ಬಾಗಿಲ ಹತ್ತಿರದ ಸ್ಟಿಕರ್ ಹೇಳುವ ಗಾಳಿ 26 ಪಿಎಸ್‌ಐ. ಭಾಗಿಸಿ ನೋಡಿದರೆ ರಸ್ತೆಗೆ ತಾಗುವ ಜಾಗ ಸುಮಾರು 135 ಚದರ ಸೆಂ.ಮೀ. ಸೈಡ್‌ವಾಲ್ ಬಿಗಿಯಿಂದ ಇದು ಒಂದಿಷ್ಟು ಆಚೀಚೆ ಆಗುತ್ತದೆ. ಆದರೆ ಗಾಳಿ ಅಷ್ಟೇ ಇಟ್ಟು 185ರ ಬದಲು 205 ಹಾಕಿದರೂ ಜಾಗ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಬದಲಾಗುವುದು ಅದರ ಆಕಾರ. ಅಡ್ಡಕ್ಕೆ ಅಗಲ, ಉದ್ದಕ್ಕೆ ಗಿಡ್ಡ.

ಆ ಆಕಾರದಿಂದಲೇ ತಿರುವಿನಲ್ಲಿ ಲಾಭ. ತಿರುಗುವಾಗ ಟೈರ್ ನೋಡುವ ದಿಕ್ಕಿಗೂ ಅದು ನಿಜವಾಗಿ ಹೋಗುವ ದಿಕ್ಕಿಗೂ ಸ್ವಲ್ಪ ವ್ಯತ್ಯಾಸ ಇರುತ್ತದೆ. ಇದಕ್ಕೆ ಸ್ಲಿಪ್ ಆಂಗಲ್ ಅನ್ನುತ್ತಾರೆ. ಅಗಲದ ಟೈರ್ ಕಡಿಮೆ ಸ್ಲಿಪ್ ಆಂಗಲ್‌ನಲ್ಲೇ ಪೂರ್ತಿ ಬಲ ಕೊಡುತ್ತದೆ. ರಬ್ಬರ್ ಹೆಚ್ಚಿರುವುದರಿಂದ ಬೇಗ ಬಿಸಿಯಾಗಿ ಸೋಲುವುದಿಲ್ಲ. ಅದಕ್ಕೇ ಕಂಪನಿಗಳು ಅಗಲದ ಟೈರಿಗೆ ಇನ್ನೂ ಮೆತ್ತನೆಯ ರಬ್ಬರ್ ಹಾಕಲು ಧೈರ್ಯ ಮಾಡುತ್ತವೆ.

ಆದರೂ ಒಂದು ಮಾತು. 185 ಅಗಲದ ಒಳ್ಳೇ ಟೈರ್ ಮುಂದೆ 225 ಅಗಲದ ಅಗ್ಗದ ಟೈರ್ ಏನೂ ಅಲ್ಲ. ದುಡ್ಡು ಮೊದಲು ರಬ್ಬರಿಗೆ ಹಾಕಿ, ಆಮೇಲೆ ರಿಮ್ಮಿನ ತೂಕ ನೋಡಿ, ಅಳತೆ ಕೊನೆಗೆ. ನಾನು ನೋಡಿದವರಲ್ಲಿ ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ರಿಮ್ಮಿಗೆ ಜೇಬು ಖಾಲಿ ಮಾಡಿಕೊಂಡು ಮಿಕ್ಕಿದ್ದರಲ್ಲಿ ಯಾವುದೋ ಟೈರ್ ಸುತ್ತಿಸುತ್ತಾರೆ.

ಹಿಂದಿನ ಎರಡು ಟೈರ್ ಮಾತ್ರ ಅಗಲ ಮಾಡಬಹುದಾ? ನೋಡಲು ಸಖತ್ತಾಗಿರುತ್ತದೆ.

ನೋಡಲು ಹೌದು. ಓಡಿಸಲು ಯಾವ ಕಾರು ಅನ್ನುವುದರ ಮೇಲೆ ಹೋಗುತ್ತದೆ.

ಇದಕ್ಕೆ ಟೈರಿನ ಒಂದು ಸ್ವಭಾವ ತಿಳಿದಿರಬೇಕು. ಭಾರ ಎರಡರಷ್ಟಾದರೆ ಗ್ರಿಪ್ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ ಏರುತ್ತದೆ. ಎರಡು ಕೊಡ ನೀರನ್ನು ಎರಡು ಕೈಯಲ್ಲಿ ಹಿಡಿದರೆ ಸಲೀಸಾಗಿ ನಡೆಯಬಹುದು, ಎರಡೂ ಒಂದೇ ಕೈಗೆ ಬಂದರೆ ತಡವರಿಸುತ್ತೀರಿ. ತಿರುವಿನಲ್ಲಿ ಆಗುವುದು ಅದೇ. ಒಳಗಿನ ಟೈರಿನ ಭಾರ ಹೊರಗಿನ ಟೈರಿಗೆ ಹೋಗುತ್ತದೆ, ಎರಡೂ ಸೇರಿ ಕೊಡುವ ಗ್ರಿಪ್ ಕಡಿಮೆಯಾಗುತ್ತದೆ. ಮುಂದಿನ ಜೋಡಿ ಮೊದಲು ಸೋತರೆ ಕಾರು ತಿರುಗದೆ ನೇರ ಹೋಗುತ್ತದೆ, ಅದು ಅಂಡರ್‌ಸ್ಟಿಯರ್. ಹಿಂದಿನದು ಸೋತರೆ ಬಾಲ ಹೊರಗೆ ಬರುತ್ತದೆ, ಅದು ಓವರ್‌ಸ್ಟಿಯರ್. ಯಾವ ಜೋಡಿಗೆ ಅಗಲ ಕೊಡುತ್ತೀರೋ ಆ ಜೋಡಿ ಹೆಚ್ಚು ಹೊತ್ತು ತಡೆಯುತ್ತದೆ.

911ರ ಇಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇದೆ. ತೂಕದಲ್ಲಿ ಸುಮಾರು ಶೇಕಡಾ 60 ಹಿಂದಿನ ಜೋಡಿ ಮೇಲೆ. ಅದಕ್ಕೆ ಹಿಂದೆ ಅಗಲದ ಟೈರ್ ಬೇಕೇ ಬೇಕು. ಕರೆರಾ ಆರ್‌ಎಸ್ 2.7 ಕಾಲದಿಂದಲೇ, ಅಂದರೆ 1973ರ ಮಾದರಿಯಿಂದಲೇ, ಹಿಂದೆ ಅಗಲದ ರಿಮ್ ಬಂತು. ಲೋಟಸ್ ಎಲೀಸ್‌ನ ಇಂಜಿನ್ ಸೀಟಿನ ಹಿಂದಿದೆ, ಮೊದಲ ಮಾದರಿಯಲ್ಲಿ ಮುಂದೆ 185/55 ಆರ್ 15, ಹಿಂದೆ 205/50 ಆರ್ 16.

ಎಂಎಕ್ಸ್-5 ಹಾಗಲ್ಲ. ಮುಂದೆ ಹಿಂದೆ ತೂಕ ಹೆಚ್ಚುಕಮ್ಮಿ ಸಮ, ಪವರ್ ಕಡಿಮೆ. ನಾಲ್ಕಕ್ಕೂ ಒಂದೇ ಅಳತೆ. ಅದರ ಹಿಂದೆ ಮಾತ್ರ ಅಗಲ ಹಾಕಿದರೆ ಕಾರಿನ ಗುಣವೇ ಹೋಗುತ್ತದೆ. ಮೂಗು ತಿರುಗಲ್ಲ ಅಂತ ಹಟ ಮಾಡುತ್ತದೆ. ಟೈರ್‌ಗಳನ್ನು ಹಿಂದೆ ಮುಂದೆ ಬದಲಿಸಿ ಹಾಕುವ ಅನುಕೂಲವೂ ಹೋಯಿತು.

ಹೋಂಡಾ ಎಸ್2000 ಇದಕ್ಕೆ ಒಳ್ಳೇ ಪಾಠ. ಮೊದಲು ಬಂದಾಗ ಮುಂದೆ 205/55 ಆರ್ 16, ಹಿಂದೆ 225/50 ಆರ್ 16. ಮಿತಿಯ ಹತ್ತಿರ ಬಾಲ ಬಿಡುತ್ತದೆ ಅಂತ ಹೆಸರು ಕೆಡಿಸಿಕೊಂಡಿತು. 2004ರ ಹೊತ್ತಿಗೆ ಹೋಂಡಾ ಸಸ್ಪೆನ್ಷನ್ ತಿದ್ದಿತು, ಟೈರನ್ನು ಮುಂದೆ 215/45 ಆರ್ 17, ಹಿಂದೆ 245/40 ಆರ್ 17 ಮಾಡಿತು. ಲೆಕ್ಕ ನೋಡಿ: ಮುಂದೆ ಹೆಚ್ಚಿಸಿದ್ದು 10 ಮಿ.ಮೀ., ಹಿಂದೆ 20. ಕಾರು ಸೌಮ್ಯವಾಯಿತು. ಹಳೇದೇ ಚೆನ್ನಾಗಿತ್ತು ಅಂತ ಇವತ್ತಿಗೂ ಜಗಳ ಆಡುವವರಿದ್ದಾರೆ, ಅದು ಬೇರೆ ಮಾತು.

ಗ್ರಿಪ್ ಕಡಿಮೆ ಇದ್ದರೇ ಮಜಾ ಜಾಸ್ತಿ ಅಂತ ಕೆಲವರು ಹೇಳುತ್ತಾರೆ. ತಲೆ ಸರಿ ಇದೆಯಾ ಅವರಿಗೆ?

ಇದೆ. 2012ರಲ್ಲಿ ಟೊಯೋಟಾ ಜಿಟಿ86 ಬಂದಾಗ ಅದರ ಮೇಲಿದ್ದದ್ದು 215/45 ಆರ್ 17 ಮಿಷೆಲಿನ್ ಪ್ರೈಮಸಿ. ಪ್ರಿಯಸ್‌ನಂಥ ಮೈಲೇಜ್ ಕಾರಿಗೂ ಹಾಕುವ ಜಾತಿಯ ಟೈರ್. ಟೊಯೋಟಾ ಬೇಕಂತಲೇ ಹಾಗೆ ಮಾಡಿತು. 200 ಹಾರ್ಸ್‌ಪವರ್ ಕಾರಿಗೆ ಅಗಲದ ಅಂಟು ಟೈರ್ ಹಾಕಿದರೆ ಅದು ಹಳಿ ಮೇಲೆ ಹೋದ ಹಾಗೆ ಹೋಗುತ್ತದೆ. ಕಾರು ಜಾರುವುದು, ನೀವು ಹಿಡಿಯುವುದು ಎಲ್ಲ ಆಗಬೇಕಾದರೆ ಸಿಕ್ಕಾಪಟ್ಟೆ ವೇಗ ಬೇಕಾಗುತ್ತದೆ. ಸಾಧಾರಣ ಟೈರಿನಲ್ಲಿ ಅದೇ ಆಟ ಕಡಿಮೆ ವೇಗದಲ್ಲಿ ಸಿಗುತ್ತದೆ. ಲ್ಯಾಪ್ ಟೈಮ್, ಅಂದರೆ ಟ್ರ್ಯಾಕಿನ ಒಂದು ಸುತ್ತಿಗೆ ಕಡಿಮೆ ಸಮಯ, ಬೇಕಾದವರಿಗೆ ಈ ಮಾತು ಹಿಡಿಸುವುದಿಲ್ಲ. ನನಗೆ ಹಿಡಿಸಿತು.

ರಿಮ್ ತೂಕ ನಿಜವಾಗಿಯೂ ಗೊತ್ತಾಗುತ್ತದಾ?

ಅಳತೆಗಿಂತ ಜಾಸ್ತಿ ಗೊತ್ತಾಗುತ್ತದೆ. ಚಕ್ರದ ತೂಕ ಸ್ಪ್ರಿಂಗ್ ಮೇಲೆ ಕೂರುವುದಿಲ್ಲ, ಕೆಳಗಿರುತ್ತದೆ. ಅದು ಭಾರ ಇದ್ದಷ್ಟೂ ಉಬ್ಬು ಹಾರಿದ ಮೇಲೆ ತಿರುಗಿ ನೆಲಕ್ಕೆ ಬರಲು ತಡ ಮಾಡುತ್ತದೆ. ಮೇಲಾಗಿ ಚಕ್ರ ಮುಂದೆ ಹೋಗುವುದಷ್ಟೇ ಅಲ್ಲ, ತಿರುಗಲೂ ಬೇಕು. ಟೈರಿನ ಹೊರ ಅಂಚಿನಲ್ಲಿರುವ ಒಂದು ಕೆಜಿ, ಕಾರು ವೇಗ ಹಿಡಿಯುವಾಗ ಸುಮಾರು ಎರಡು ಕೆಜಿಯಷ್ಟು ಎಳೆಯುತ್ತದೆ. ರಿಮ್ ದೊಡ್ಡದಾದರೆ ತೂಕ ಹೆಚ್ಚುವುದು ಮಾತ್ರವಲ್ಲ, ಆ ತೂಕ ನಡುವಿನಿಂದ ದೂರ ಹೋಗುತ್ತದೆ. ಸಾವಿರ ಕೆಜಿಯ ಕಾರಿನಲ್ಲಿ ಇದು ಬೇಗ ತಿಳಿಯುತ್ತದೆ.

ಅಂಗಡಿಯಲ್ಲಿ ರಿಮ್ ಎತ್ತಿ ನೋಡುವುದರಲ್ಲಿ ನಾಚಿಕೆ ಏನೂ ಇಲ್ಲ. ತೂಕ ಹಾಕಿ ತೋರಿಸಿ ಅನ್ನಿ.

ಚಕ್ರದ ಒಟ್ಟು ಎತ್ತರ ಬದಲಾದರೆ ಏನಾಗುತ್ತದೆ?

ಲೆಕ್ಕ ಸುಲಭ. ಸೈಡ್‌ವಾಲ್ ಎರಡರಷ್ಟಕ್ಕೆ ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಸೇರಿಸಿ. 185/60 ಆರ್ 14 ಅಂದರೆ 578 ಮಿ.ಮೀ. 195/50 ಆರ್ 15 ಅಂದರೆ 576. ಹೆಚ್ಚುಕಮ್ಮಿ ಒಂದೇ. ಎರಡನೇ ತಲೆಮಾರಿನ ಎಂಎಕ್ಸ್-5ಗೆ ಮಜ್ದಾ ಆ 15 ಇಂಚಿನ ಅಳತೆಯನ್ನೂ ಕೊಟ್ಟಿತು. 205/40 ಆರ್ 17 ಹಾಕಿದರೆ 596, ಶೇಕಡಾ 3 ದೊಡ್ಡದು. ಆಗ ಮೀಟರ್ 100 ತೋರಿಸಿದಾಗ ಕಾರು ಹಳೇ ಟೈರಿನಲ್ಲಿ ಹೋಗುತ್ತಿದ್ದಕ್ಕಿಂತ ಶೇಕಡಾ 3 ಜೋರಾಗಿ ಹೋಗುತ್ತಿರುತ್ತದೆ. ಗೇರ್ ಎಲ್ಲ ಅಷ್ಟೇ ಉದ್ದವಾಗಿ, ಮೊದಲೇ ಪವರ್ ಕಡಿಮೆ ಇರುವ ಕಾರು ಇನ್ನಷ್ಟು ಸೋಮಾರಿಯಾಗುತ್ತದೆ.

ಆಫ್‌ಸೆಟ್ ಅಂದರೆ? ಅಂಗಡಿಯವರು "ಏನೂ ಆಗಲ್ಲ" ಅನ್ನುತ್ತಾರೆ.

ರಿಮ್ಮಿನ ನಡುಗೆರೆಗೂ ಅದು ಹಬ್‌ಗೆ, ಅಂದರೆ ಚಕ್ರ ಬೋಲ್ಟ್ ಆಗುವ ಕಾರಿನ ಭಾಗಕ್ಕೆ, ಕೂರುವ ಮುಖಕ್ಕೂ ಇರುವ ಅಂತರ. ರಿಮ್ ಒಳಗಡೆ ಇಟಿ 45 ಅಂತ ಅಚ್ಚು ಹಾಕಿರುತ್ತಾರೆ, ಅಂದರೆ 45 ಮಿ.ಮೀ. ಅಷ್ಟೇ ಅಗಲದ ಇಟಿ 25 ರಿಮ್ ಹಾಕಿದರೆ ಚಕ್ರ 20 ಮಿ.ಮೀ. ಹೊರಗೆ ಬರುತ್ತದೆ. ಹಬ್ಬಿಗೂ ರಿಮ್ಮಿಗೂ ನಡುವೆ ಬಿಲ್ಲೆಯಂಥ ಸ್ಪೇಸರ್ ಹಾಕಿದರೂ ಅದೇ ಕಥೆ. ಆಗ ಸ್ಟೇರಿಂಗ್ ಕೈಯಲ್ಲಿ ಒದೆಯುತ್ತದೆ. ರಸ್ತೆಯಲ್ಲಿ ಲಾರಿ ಚಕ್ರದ ಜಾಡು ಸಿಕ್ಕಿದರೆ ಕಾರು ತಾನೇ ಅದರ ಹಿಂದೆ ಹೋಗುತ್ತದೆ. ಬ್ರೇಕ್ ಹಾಕುವಾಗ ರಸ್ತೆಯ ಒಂದು ಪಕ್ಕ ಮರಳು ಬಿದ್ದಿದ್ದರೆ ಕಾರು ಪಕ್ಕಕ್ಕೆ ಎಳೆಯುತ್ತದೆ. ಬೇರಿಂಗ್ ಬೇಗ ಸವೆಯುತ್ತದೆ. "ಏನೂ ಆಗಲ್ಲ" ಅಂದವರು ಆಮೇಲೆ ಸಿಗುವುದಿಲ್ಲ.

ಹಾಗೆಯೇ ನಡುವಿನ ತೂತು ನೋಡಿ. ಮೊದಲ ಎಂಎಕ್ಸ್-5ಗೆ ನಾಲ್ಕು ಬೋಲ್ಟ್, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ. ನಡುತೂತು 54.1 ಮಿ.ಮೀ. ರಿಮ್ಮಿನ ತೂತು ದೊಡ್ಡದಿದ್ದರೆ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ರಿಂಗ್ ಹಾಕಿಸಿ. ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಸ್ಟೇರಿಂಗ್ ನಡುಗುವುದು ನಿಲ್ಲದಿರಬಹುದು.

ಮಳೆಯಲ್ಲಿ?

ಅಗಲದ ಟೈರ್ ನೀರಿನ ಮೇಲೆ ಬೇಗ ತೇಲುತ್ತದೆ. ತಳ್ಳಬೇಕಾದ ನೀರು ಜಾಸ್ತಿ, ತಾಗುವ ಜಾಗ ಉದ್ದಕ್ಕೆ ಗಿಡ್ಡ. ಗಾಳಿ ಕಡಿಮೆ ಇದ್ದರೆ ಇನ್ನೂ ಬೇಗ. ಗಾಡಿ ಹಗುರಾದಷ್ಟೂ ಹುಷಾರಾಗಿರಬೇಕು. ಸವೆದ 225 ಟೈರ್ ಹಾಕಿದ ಎಂಎಕ್ಸ್-5ಅನ್ನು ಜೋರು ಮಳೆಯಲ್ಲಿ ಹೈವೇಗೆ ತರಬೇಡಿ.

ಟೈರ್ ಬಾಡಿಗೆ ಉಜ್ಜುತ್ತದಾ ಅಂತ ನೋಡುವುದು ಹೇಗೆ?

ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಕಾರು ನಿಲ್ಲಿಸಿ, ಇಳಿದು ಟಾರ್ಚ್ ಹಿಡಿದು ಒಳಗಡೆ ನೋಡಿ. ಮಡ್‌ಗಾರ್ಡಿನ ಒಳಗಿನ ಕಪ್ಪು ಪ್ಲಾಸ್ಟಿಕ್ ಮೇಲೆ ಎಲ್ಲ ಕಡೆ ಧೂಳು ಕೂತಿರುತ್ತದೆ. ಉಜ್ಜಿದ ಜಾಗ ಮಾತ್ರ ಹೊಳೆಯುತ್ತಿರುತ್ತದೆ, ಅಂಚಿನಲ್ಲಿ ರಬ್ಬರಿನ ಸಣ್ಣ ಸುರುಳಿಗಳು ಅಂಟಿರುತ್ತವೆ. ಆಮೇಲೆ ಟೈರಿನ ಒಳ ಭುಜದ ಮೇಲೆ, ಅಂದರೆ ನೆಲಕ್ಕೆ ತಾಗುವ ಭಾಗ ಸೈಡ್‌ವಾಲಿಗೆ ತಿರುಗುವ ಒಳ ಅಂಚಿನ ಮೇಲೆ, ಕೈ ಆಡಿಸಿ, ಗೆರೆ ಬಿದ್ದಿದ್ದರೆ ಬೆರಳಿಗೆ ಸಿಗುತ್ತದೆ. ಖಾಲಿ ಕಾರಿನಲ್ಲಿ ನೋಡಿ ಸುಮ್ನೆ ಇರಬೇಡಿ. ಪಕ್ಕದ ಸೀಟಲ್ಲಿ ಒಬ್ಬರನ್ನು ಕೂರಿಸಿಕೊಂಡು ಹಂಪ್ ಮೇಲೆ ಹೋಗಿ ಬಂದು ಇನ್ನೊಮ್ಮೆ ನೋಡಿ.

ಗಾಳಿ ಎಷ್ಟು ಇಡಲಿ?

ಸ್ಟಿಕರ್‌ನಲ್ಲಿರುವುದರಿಂದ ಶುರು ಮಾಡಿ. ಒಂದು ಉಪಾಯ ಇದೆ: ಟೈರಿನ ಭುಜದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡ ಗೆರೆ ಎಳೆಯಿರಿ, ಟ್ರ್ಯಾಕಿನಲ್ಲಿ ಕೆಲವು ಸುತ್ತು ಓಡಿಸಿ. ಹೆಚ್ಚಿನ ಟೈರ್‌ಗಳ ಭುಜದ ಮೇಲೆ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಸುಣ್ಣ ಅದರ ತುದಿಯವರೆಗೆ ಅಳಿಸಿದ್ದರೆ ಸರಿ. ಅದಕ್ಕೂ ಕೆಳಗೆ ಸೈಡ್‌ವಾಲ್ ಕಡೆಗೆ ಅಳಿಸಿದ್ದರೆ ಗಾಳಿ ಕಡಿಮೆ. ಮೇಲೇ ನಿಂತಿದ್ದರೆ ಜಾಸ್ತಿ. ಎರಡು ಪಿಎಸ್‌ಐ ವ್ಯತ್ಯಾಸ ಕಾರಿನ ಗುಣ ಬದಲಿಸುತ್ತದೆ, ಪುಕ್ಕಟೆಯಾಗಿ.

ನಂದು ಬೆಂಗಳೂರು, ಕಾರು ಸ್ವಿಫ್ಟ್. ಜೆಸಿ ರೋಡಿನಲ್ಲಿ 17 ಇಂಚು ಚೆನ್ನಾಗಿ ಕಾಣಿಸಿತು.

ಕಾಣಿಸುತ್ತದೆ. ಮಾರುತಿಯವರು ಏನು ಮಾಡಿದ್ದಾರೆ ನೋಡಿ. 2018ರ ಸ್ವಿಫ್ಟ್‌ನ ಕೆಳಗಿನ ಮಾದರಿಗೆ 165/80 ಆರ್ 14, ಮೇಲಿನದಕ್ಕೆ 185/65 ಆರ್ 15. ಒಂದು 620 ಮಿ.ಮೀ., ಇನ್ನೊಂದು 621 ಚಿಲ್ಲರೆ. ಇಂಚು ಹೆಚ್ಚಿಸಿದರೂ ಚಕ್ರ ದೊಡ್ಡದಾಗಲಿಲ್ಲ, ಸೈಡ್‌ವಾಲ್ 120 ಮಿ.ಮೀ. ಉಳಿಯಿತು. ನೀವೂ ಅಲ್ಲಿಗೇ ನಿಲ್ಲಿಸಿ, 15 ಇಂಚಿಗೆ ಒಳ್ಳೇ ಟೈರ್ ಹಾಕಿಸಿ. 17 ಹಾಕಿದರೆ ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಯ ಆಳ ರಿಮ್ಮಿಗೆ ತಿಳಿಯುತ್ತದೆ. ಬೆಂಡ್ ತೆಗೆಸಬಹುದು, ಆದರೆ ಬಿರುಕು ಬಿಟ್ಟ ಅಲಾಯ್‌ಗೆ ವೆಲ್ಡಿಂಗ್ ಹಾಕಿಸಿ ಓಡಿಸುವುದು ಬೇಡ.

ಜರ್ಮನಿಯಲ್ಲಿದ್ದೇನೆ. ಇಷ್ಟ ಬಂದ ಅಳತೆ ಹಾಕಬಹುದಾ?

ಇಲ್ಲ. ಕಾರಿನ ಕಾಗದಪತ್ರದಲ್ಲಿ ಇಲ್ಲದ ಅಳತೆಗೆ ರಿಮ್ ಜೊತೆ ಬರುವ ಒಪ್ಪಿಗೆ ಪತ್ರ ಬೇಕು, ಇಲ್ಲವೇ ಟ್ಯೂಫ್‌ನಂಥ ಸಂಸ್ಥೆಯಲ್ಲಿ ತೋರಿಸಿ ದಾಖಲಿಸಬೇಕು. ರಿಮ್ ಕೊಳ್ಳುವ ಮೊದಲೇ ಆ ಪತ್ರ ಕೇಳಿ.

ಎಲ್ಲ ಸರಿ. ನನ್ನ ಹತ್ತಿರ 1990ರ ಎಂಎಕ್ಸ್-5 ಇದೆ. ಏನು ಹಾಕಲಿ, ಒಂದೇ ಮಾತಲ್ಲಿ ಹೇಳಿ.

ಪವರ್ ಸ್ಟೇರಿಂಗ್ ಇಲ್ಲದ ಕಾರಾದರೆ, ವಾರಾಂತ್ಯಕ್ಕೆ ಮಾತ್ರ ತೆಗೆಯುವುದಾದರೆ, 14 ಇಂಚಲ್ಲೇ ಇರಿ. ಆದರೆ 14ಕ್ಕೆ ಈಗ ಒಳ್ಳೇ ಟೈರ್ ಸಿಗುವುದು ಕಷ್ಟವಾಗಿದೆ, ಅದೇ ತೊಂದರೆ. ಹಾಗಾಗಿ ಹೆಚ್ಚಿನವರಿಗೆ 15 ಇಂಚಿನ, ಏಳು ಇಂಚು ಅಗಲದ ಹಗುರ ರಿಮ್, ಮೇಲೆ 195/50 ಆರ್ 15. ಟ್ರ್ಯಾಕಿಗೆ ಹೋಗುವವರಾದರೆ 205/50 ಆರ್ 15. ಎಲ್ಲರೂ ಇದೇ ಕಾರು ಓಡಿಸುವ ಅಮೆರಿಕದ ಸ್ಪೆಕ್ ಮಿಯಾಟಾ ರೇಸಿನವರು ಓಡಿಸುವುದೂ ಅದೇ ಅಳತೆ. ನೀವು ಕೊಂಡಾಗಲೇ ಕಾರಿನ ಮೇಲೆ 16 ಇಂಚು ಇದ್ದರೆ ಕಿತ್ತು ಹಾಕಬೇಕಿಲ್ಲ. 17 ಈ ಕಾರಿಗೆ ಬೇಡ. ನಾಲ್ಕನೇ ತಲೆಮಾರಿನದಕ್ಕೆ 205/45 ಆರ್ 17 ಕಂಪನಿಯದೇ, ಅಲ್ಲಿ ತಕರಾರಿಲ್ಲ. ಆದರೂ 195/50 ಆರ್ 16 ಬರುವ ಮಾದರಿ ಸಿಕ್ಕರೆ ನಾನು ಅದನ್ನೇ ತಗೊಳ್ಳುತ್ತೇನೆ.

ಕೊಳ್ಳುವಾಗ ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ನೋಡುವುದು ಮರೆಯಬೇಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ನೋಡಲು ಹೊಸದರಂತೆ ಕಂಡರೂ ಇಷ್ಟು ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ, ಬೇರೆ ತೆಗೆಸಿ ಅನ್ನಿ.